ರಾಹುಕಾಲಕ್ಕೆ ತಪ್ಪಿಹೋದ ದೋಣಿ

ಥಾಯ್ಲೆಂಡಿನ ದ್ವೀಪಕ್ಕೆ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಂಜೆ ವಾಪಸ್ ಬರುವುದೆಂದರೆ ಎಲ್ಲರಿಗೂ ಖುಷಿಯ ಸಂಗತಿ. ಜನ ತಂಪು ಕನ್ನಡಕ ಕೊಳ್ಳುತ್ತಾರೆ, ಹೂವಿನ ಚಿತ್ರದ ಅಂಗಿ ಕೊಳ್ಳುತ್ತಾರೆ. ನಾನು ಹೊರಟದ್ದು ನನ್ನ ಅತ್ತೆಯವರ ಜೊತೆ, ಅವರ ಪಾಸ್‌ಪೋರ್ಟಿಗೆ ಒಂದು ಮುದ್ರೆ ಒತ್ತಿಸಿಕೊಂಡು ಬರಲು.

2020ರ ಮಾರ್ಚ್. ನಾವು ಕೌಲಾಲಂಪುರದ ಬಾಂಗ್ಸಾರಿನಲ್ಲಿದ್ದೆವು. ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಇದಕ್ಕೆ ಎರಡು ವರ್ಷದ ಹಿಂದೆ ಇದೇ ಊರಿನಲ್ಲಿ ಅವಳಿಗೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ಆಸ್ಪತ್ರೆಯಲ್ಲಿ ಇದ್ದದ್ದು ನಾವಿಬ್ಬರೇ. ನನಗೆ ಏನು ಮಾಡಬೇಕು, ಏನು ಮಾತಾಡಬೇಕು ಒಂದೂ ತೋಚಿರಲಿಲ್ಲ. ಈ ಸಲ ಅವಳು ಒಂದೇ ಮಾತು ಹೇಳಿದ್ದಳು: 'ಹೆರಿಗೆ ಹೊತ್ತಿಗೆ ಅಮ್ಮ ಇರ್ಬೇಕು ರೀ. ಬೇರೆ ಏನೂ ಕೇಳಲ್ಲ.' ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ಮೈಸೂರಿಗೆ ಹೋಗುವಂತಿರಲಿಲ್ಲ. ಹೀಗಾಗಿ ತವರುಮನೆಯೇ ಇಲ್ಲಿಗೆ ಬಂತು. ಮೆಂತ್ಯದ ಹಿಟ್ಟು, ಒಣಶುಂಠಿ, ಅಂಟು, ಬಾಣಂತಿಗೆ ಬೇಕಾದ್ದೆಲ್ಲ ಎರಡು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಅತ್ತೆ ಫೆಬ್ರವರಿಯಲ್ಲೇ ಬಂದಿಳಿದರು.

ತೊಂದರೆ ಇದ್ದದ್ದು ವೀಸಾದಲ್ಲಿ. ಎಷ್ಟು ಸಲ ಬೇಕಾದರೂ ಬರಬಹುದು, ಆದರೆ ಒಂದು ಸಲ ಬಂದರೆ ಒಂದೇ ತಿಂಗಳು ಇರಬಹುದು. ಹೆರಿಗೆ ಏಪ್ರಿಲ್ ಕೊನೆಗೆ. ಆಫೀಸಿನ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ: ಇಲ್ಲೇ ಗಡಿಯಂಚಿನ ಲಂಕಾವಿ ದ್ವೀಪಕ್ಕೆ ಹೋಗಿ, ಅಲ್ಲಿಂದ ಕೊ ಲಿಪೆ ಎಂಬ ಥಾಯ್ ದ್ವೀಪಕ್ಕೆ ದೋಣಿ ಇದೆ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಹೊಸ ಮುದ್ರೆ ಬೀಳುತ್ತದೆ, ಇನ್ನೊಂದು ತಿಂಗಳು ಸಿಗುತ್ತದೆ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೋಗಿಬಂದರಾಯಿತು. ಸಿಂಗಾಪುರದ ದಾರಿಯೂ ಇತ್ತು, ಆದರೆ ಅಲ್ಲಿ ಆಗಲೇ ಕಾಯಿಲೆಯ ಸುದ್ದಿ ಜೋರಾಗಿತ್ತು. ಸಮುದ್ರದ ಮಧ್ಯೆ ಯಾವ ಕಾಯಿಲೆ ಬರುತ್ತದೆ ಎಂದು ನಾವು ಬುದ್ಧಿವಂತರಂತೆ ತೀರ್ಮಾನಿಸಿದೆವು. ಅತ್ತೆಯವರಿಗೆ ಥಾಯ್ ವೀಸಾ ಮಾಡಿಸಿದೆ, ದೋಣಿಯ ಟಿಕೆಟ್ ತೆಗೆಸಿದೆ, ಪಕ್ಕದ ಮನೆಯ ತಮಿಳು ಹೆಂಗಸಿಗೆ ಹೆಂಡತಿಯನ್ನು ನೋಡಿಕೊಳ್ಳಲು ಹೇಳಿ ಭಾನುವಾರ ಲಂಕಾವಿಗೆ ಹಾರಿದೆವು. ದೋಣಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ಗಡಿ ದಾಟುವ ಪ್ರಯಾಣವಾದ್ದರಿಂದ ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಬೇಕು.

ಸೋಮವಾರ ಸ್ನಾನ ಮುಗಿಸಿ, ಟ್ಯಾಕ್ಸಿ ಕರೆಸಿ ಎಂಟು ಗಂಟೆಗೆ ಅತ್ತೆಯವರ ಕೋಣೆಯ ಬಾಗಿಲು ತಟ್ಟಿದೆ. ಅವರು ಸಿದ್ಧರಾಗಿಯೇ ಇದ್ದರು. ಜರಿ ಅಂಚಿನ ಸೀರೆ, ಕೈಯಲ್ಲಿ ಪುಳಿಯೋಗರೆಯ ಡಬ್ಬಿ. ಆದರೆ ಮಂಚದ ತುದಿಯಿಂದ ಏಳಲಿಲ್ಲ.

'ಒಂಬತ್ತು ಆಗ್ಲಿ, ಹೊರಡೋಣ' ಎಂದರು.

'ಅತ್ತೆ, ಎಂಟೂವರೆಗೆ ಅಲ್ಲಿರ್ಬೇಕು. ಟ್ಯಾಕ್ಸಿ ಕೆಳಗಿದೆ.'

'ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಹೊಸ್ತಿಲು ದಾಟಕ್ಕಾಗಲ್ಲ.'

'ನಿನ್ನೆನೇ ಹೇಳಬಾರದಿತ್ತಾ? ಏಳಕ್ಕೇ ಹೊರಟುಬಿಡ್ತಿದ್ವಿ.'

'ನೀವು ಬೋಟು ಒಂಬತ್ತೂವರೆಗೆ ಅಂದ್ರಿ. ಒಂಬತ್ತಕ್ಕೆ ಹೊರಟ್ರೆ ಸರಿಹೋಗತ್ತೆ ಅಂದ್ಕೊಂಡೆ. ಒಂದು ಗಂಟೆ ಮುಂಚೆ ಹೋಗ್ಬೇಕು ಅಂತ ಯಾರು ಹೇಳಿದ್ರು ನಂಗೆ?'

ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಆದರೂ ನಾನು ಮೈಸೂರು ಕಡೆಯವನೇ, ಒಂದು ಸಂದು ಇದ್ದೇ ಇರುತ್ತದೆ ಎಂದು ಗೊತ್ತಿತ್ತು. 'ಪ್ರಸ್ಥಾನ ಇಟ್ಟುಬಿಡೋಣ. ನಿಮ್ಮ ಚೀಲ ಟ್ಯಾಕ್ಸೀಲಿ ಇಡ್ತೀನಿ, ಹೊರಟ ಹಾಗೇ ಆಯ್ತಲ್ಲ' ಎಂದೆ. ಹೊರಡುವ ಹೊತ್ತು ಕೆಟ್ಟದ್ದಿದ್ದರೆ ಸಾಮಾನನ್ನು ಮೊದಲೇ ಹೊರಗಿಟ್ಟು ಪ್ರಯಾಣ ಶುರುವಾಯಿತೆಂದು ಲೆಕ್ಕ ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಉಪಾಯ. ನನ್ನ ತಾತ ಅರ್ಧ ಜೀವನ ಹಾಗೇ ಓಡಾಡಿದ್ದರು.

ಅತ್ತೆ ನನ್ನನ್ನು ಮರುಕದಿಂದ ನೋಡಿದರು. 'ಪ್ರಸ್ಥಾನ ಇಡೋದು ರಾಹುಕಾಲ ಶುರುವಾಗೋಕೆ ಮುಂಚೆ. ಈಗ ಇಟ್ರೆ ಏನ್ ಬಂತು?'

ಬೇರೆ ಯಾರಾಗಿದ್ದರೂ ಕೂಗಾಡಿಬಿಡುತ್ತಿದ್ದೆ. ಅತ್ತೆಯ ಮೇಲೆ ಅಳಿಯ ಕೂಗಾಡುವುದು ನಮ್ಮಲ್ಲಿ ಇಲ್ಲ. ಅವರು ನನ್ನನ್ನು ನೀವು ಎನ್ನುತ್ತಾರೆ, ನಾನು ಅವರೆದುರು ಕಾಲ ಮೇಲೆ ಕಾಲು ಹಾಕುವುದಿಲ್ಲ. ಈ ಮರ್ಯಾದೆ ಕಟ್ಟಿಕೊಂಡು ನಾನು ಹೋಟೆಲಿನ ಕಾರಿಡಾರಿನಲ್ಲಿ ಶತಪಥ ಹಾಕಿದೆ. ಹೆಂಡತಿಗೆ ಫೋನ್ ಮಾಡಿದೆ. ಅವಳು, 'ಅಮ್ಮಂಗೆ ನಾನು ಹೇಳಿದ್ರೆ ಕೇಳ್ತಾರಾ?' ಎಂದು ಅತ್ತಳು. ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಮಾಡಿ ಹೊರಟುಹೋದ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ಹಾಗೆ ಹಲ್ಲು ಕಡಿದೆ.

ಒಂಬತ್ತು ಹೊಡೆದ ಕೂಡಲೇ ಅತ್ತೆ ಬಲಗಾಲಿಟ್ಟು ಹೊರಟರು. ಜೆಟ್ಟಿ ತಲುಪುವಾಗ ಕೌಂಟರಿನ ಹುಡುಗಿ ಪರದೆ ಎಳೆದಿದ್ದಳು. 'ಕ್ಲೋಸ್ಡ್ ಲಾ, ಸರ್. ಇಮಿಗ್ರೇಶನ್ ಆಲ್‌ರೆಡಿ ಫಿನಿಶ್. ಟುಮಾರೊ ಕಮ್' ಎಂದು ಇಲ್ಲಿನವರು ಮಾತಿಗೆಲ್ಲ ಅಂಟಿಸುವ 'ಲಾ' ಸೇರಿಸಿಯೇ ಹೇಳಿದಳು. ದೋಣಿ ಇನ್ನೂ ಅಲ್ಲೇ ಇತ್ತು. ಅದರ ಕಿಟಕಿಯಲ್ಲಿ ಕೂತಿದ್ದ ಮಗುವೊಂದು ನನ್ನನ್ನು ನೋಡುತ್ತಾ ಬಾಳೆಹಣ್ಣು ತಿನ್ನುತ್ತಿತ್ತು. ಕಾಲು ಗಂಟೆಯ ನಂತರ ನಮ್ಮ ಕಣ್ಣೆದುರೇ ಅದು ಹೊರಟಿತು.

ಅಲ್ಲಿನ ಬೆಂಚಿನ ಮೇಲೆ ಕೂತಾಗ ನನಗೆ ಹೊಳೆಯಿತು. ಅತ್ತೆಯವರ ರಾಹುಕಾಲ ಬಾಯಿಪಾಠದ್ದು. ಮೈಸೂರಿನ ಲೆಕ್ಕ, ಆರು ಗಂಟೆ ಸುಮಾರಿಗೆ ಸೂರ್ಯ ಹುಟ್ಟುವ ಊರಿನ ಲೆಕ್ಕ. ಲಂಕಾವಿಯಲ್ಲಿ ಏಳು ಗಂಟೆಗೂ ಕತ್ತಲೆಯೇ ಇರುತ್ತದೆ. ರಾಹುಕಾಲವನ್ನು ಎಣಿಸಬೇಕಾದದ್ದು ಸೂರ್ಯೋದಯದಿಂದ. ಅಂದರೆ ಇಲ್ಲಿ ಅದು ಶುರುವಾಗುವುದೇ ಒಂಬತ್ತರ ಸುಮಾರಿಗೆ. ಎಂಟಕ್ಕೆ ಹೊರಟಿದ್ದರೆ ಯಾವ ರಾಹುವೂ ಇರುತ್ತಿರಲಿಲ್ಲ. ಅವರು ಹಟ ಹಿಡಿದು, ಕಾದು, ದೋಣಿ ತಪ್ಪಿಸಿ, ಕೊನೆಗೆ ಬಲಗಾಲಿಟ್ಟು ಹೊಸ್ತಿಲು ದಾಟಿದ್ದು ಅಪ್ಪಟ ರಾಹುಕಾಲದಲ್ಲಿ. ದಿನಾ ಬೆಂಗಳೂರಿನವರೊಂದಿಗೆ ಮೀಟಿಂಗ್ ಮಾಡುವಾಗ ಎರಡೂವರೆ ಗಂಟೆ ಕೂಡಿ ಕಳೆದು ಸಂಬಳ ತೆಗೆದುಕೊಳ್ಳುವವನು ನಾನು. ನನಗೂ ಆ ಕೋಣೆಯಲ್ಲಿ ಇದು ಹೊಳೆಯಲಿಲ್ಲ. ಈಗ ಹೊಳೆದು ಯಾರ ತಲೆಗೆ ಹಚ್ಚಲಿ?

ಹೇಳಿಯೇಬಿಡಬೇಕು ಎಂದು ನಿರ್ಧರಿಸಿದೆ. ಅಷ್ಟರಲ್ಲಿ ಅತ್ತೆ, 'ಹೇಗೂ ಬಂದಿದ್ದೀವಿ. ಸಂಜೆವರೆಗೂ ಇಲ್ಲೇ ಕೂತು ಏನ್ ಮಾಡೋದು? ಆ ಸಣ್ಣ ದೋಣಿಗಳು ಎಲ್ಲಿಗೆ ಹೋಗ್ತಾವೆ ಕೇಳಿ' ಎಂದರು. ನನಗೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆದರೆ ಹೆಂಡತಿಯನ್ನು ಬಿಟ್ಟು ನಾಳೆಯವರೆಗೆ ಉಳಿಯುವಂತಿರಲಿಲ್ಲ, ನಮ್ಮ ವಿಮಾನ ಇದ್ದದ್ದು ಸಂಜೆಗೆ. ಲಂಕಾವಿಯ ಸುತ್ತಲಿನ ದ್ವೀಪಗಳನ್ನು ತೋರಿಸಿಕೊಂಡು ಬರುವ ಒಂದು ಮೋಟಾರು ದೋಣಿ ಹತ್ತಿದೆವು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅತ್ತೆ ಮುಂದಿನ ಸಾಲಿನಲ್ಲಿ ಕೂತರು. ದೋಣಿಯವನು 'ಆಂಟಿ, ಹೋಲ್ಡ್ ಟೈಟ್ ಲಾ' ಎಂದು ಕೂಗಿದ. ಅಲೆ ಹಾರಿ ಮುಖಕ್ಕೆ ಬಡಿದಾಗ ಅವರು ನಕ್ಕುಬಿಟ್ಟರು. ನನಗೆ ಆ ನಗುವನ್ನು ಕಂಡೇ ಮೈ ಉರಿಯಿತು.

ಉತ್ತರಕ್ಕೆ ನೀಲಿಯಾಗಿ ಒಂದು ಗುಡ್ಡದ ಸಾಲು ಕಾಣುತ್ತಿತ್ತು. ದೋಣಿಯವನು ಅತ್ತ ಕೈ ತೋರಿಸಿ 'ತಾಯ್‌ಲ್ಯಾಂಡ್' ಎಂದ.

'ಇಷ್ಟೇ ಹತ್ರಾನಾ?' ಎಂದರು ಅತ್ತೆ.

'ಹೌದು ಅತ್ತೆ, ಇಷ್ಟೇ ಹತ್ರ' ಎಂದೆ. ನನ್ನ ದನಿಯಲ್ಲಿದ್ದ ಕಹಿ ಅವರಿಗೆ ತಾಗದೆ ಇರಲು ಸಾಧ್ಯವೇ ಇರಲಿಲ್ಲ. ಅವರು ತಿರುಗಿ ನೋಡಲಿಲ್ಲ.

ದೋಣಿಯವನು ಇನ್ನೊಂದು ದ್ವೀಪದ ಮುಂದೆ ಎಂಜಿನ್ ನಿಧಾನ ಮಾಡಿದ. ಅದರ ಬೆಟ್ಟಗಳು ಸೇರಿ, ಹೆಂಗಸೊಬ್ಬಳು ಅಂಗಾತ ಮಲಗಿದಂತೆ ಕಾಣುತ್ತಿದ್ದವು. ತಲೆ, ಎದೆ, ಉಬ್ಬಿದ ಹೊಟ್ಟೆ. ಬಸುರಿ ಹೆಂಗಸಿನ ದ್ವೀಪ ಎಂದೇ ಅದಕ್ಕೆ ಹೆಸರಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೊಡನೆ ಅತ್ತೆ ಕೂತಲ್ಲೇ ಕೈಮುಗಿದರು. ದ್ವೀಪದಲ್ಲಿ ಇಳಿದ ಮೇಲೆ ಚೀಲದಿಂದ ಕುಂಕುಮದ ಭರಣಿ, ಎರಡು ಬಾಳೆಹಣ್ಣು ತೆಗೆದರು. ಒಂದು ಕಲ್ಲಿಗೆ ಕುಂಕುಮ ಇಟ್ಟು ಹಣ್ಣು ಇಟ್ಟದ್ದೇ ತಡ, ಮರದಿಂದ ಇಳಿದ ಕೋತಿಯೊಂದು ಎರಡನ್ನೂ ಎತ್ತಿಕೊಂಡು ಹೋಯಿತು. ನನಗೆ ಆ ಬೆಳಿಗ್ಗೆಯಲ್ಲಿ ಸಿಕ್ಕ ಒಂದೇ ಸಮಾಧಾನ ಅದು.

ಈಗ ಹೇಳೋಣ ಎಂದು ಬಾಯಿ ತೆರೆದೆ. 'ಅತ್ತೆ, ಈ ರಾಹುಕಾಲದ ವಿಷಯ...'

'ನಿಮಗೆ ಕೋಪ ಬಂದಿದೆ. ಗೊತ್ತು ನಂಗೆ' ಎಂದರು. ಕಲ್ಲಿನ ಮೇಲಿನ ಕುಂಕುಮವನ್ನೇ ನೋಡುತ್ತಿದ್ದರು. 'ಹೋದ ಸಲ ನಾನು ಇಲ್ಲಿರ್ಲಿಲ್ಲ. ಬಾ ಅಂದಿದ್ಲು. ಇನ್ನೂ ಟೈಮಿದೆ, ಆಮೇಲೆ ಬರ್ತೀನಿ ಅಂದೆ. ಘಳಿಗೆ, ಕಾಲ ಒಂದೂ ನೋಡ್ಲಿಲ್ಲ. ಈ ಸಲ ಒಂದನ್ನೂ ಬಿಡಲ್ಲ ಅಂತ ಮನೆ ದೇವರ ಮುಂದೆ ಹೇಳಿ ಬಂದಿದ್ದೀನಿ. ನೀವು ಬೈದ್ರೂ ಪರವಾಗಿಲ್ಲ.'

ಇಂಥವರಿಗೆ, ನೀವು ಹೊರಟದ್ದೇ ರಾಹುಕಾಲದಲ್ಲಿ ಎಂದು ಹೇಗೆ ಹೇಳುವುದು? ಗೆಲ್ಲುವ ವಾದ ನನ್ನ ಕೈಯಲ್ಲಿತ್ತು, ಆಡುವಂತಿರಲಿಲ್ಲ. ಆ ಮಾತನ್ನು ನುಂಗಿದೆ. ನುಂಗಿದ್ದು ಇವತ್ತಿಗೂ ಎದೆಯಲ್ಲಿ ಕೂತಿದೆ. ಸಿಟ್ಟಾದರೆ ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಹಾಕಲು ಜಾಗ ಮಾತ್ರ ಇಲ್ಲದಾಯಿತು. ನಾವು ಕಟ್ಟೆಯ ಮೇಲೆ ಕೂತು ಪುಳಿಯೋಗರೆ ತಿಂದೆವು. ಚೆನ್ನಾಗಿತ್ತು, ಅದೂ ನನಗೆ ಸಿಟ್ಟು ತರಿಸಿತು.

ಅದೇ ದಿನ ರಾತ್ರಿ ಅಲ್ಲಿನ ಪ್ರಧಾನಿ ಟಿವಿಯಲ್ಲಿ ಕಾಣಿಸಿಕೊಂಡು ಬುಧವಾರದಿಂದ ದೇಶವೇ ಬಂದ್ ಎಂದರು. ಗಡಿಗಳೂ ಬಂದ್. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಷ್ಟೇ ಸಾಕಾಯಿತು ಅತ್ತೆಯವರಿಗೆ. ಮೈಸೂರಿನ ಎಲ್ಲ ಮನೆಗಳಿಗೂ ವಿಡಿಯೋ ಕರೆ ಹೋಯಿತು: 'ರಾಹುಕಾಲ ಅಂತ ನಾನು ಏಳ್ಲೇ ಇಲ್ಲ. ಹೋಗಿದ್ರೆ ಥಾಯ್ಲೆಂಡಲ್ಲೇ ಸಿಕ್ಕಿಹಾಕ್ಕೊಳ್ತಿದ್ವಿ. ಇವಳ ಗತಿ ಏನಾಗ್ತಿತ್ತು!' ನೆಂಟರೆಲ್ಲ ಪರದೆಯ ಆ ಕಡೆಯಿಂದ ಕೈಮುಗಿದರು. ಆದರೆ ಅಂದು ಸಂಜೆ ನಾವು ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ನಮಗೆ ತಪ್ಪಿದ ಆ ದೋಣಿ ವಾಪಸ್ ಬಂದಿತ್ತು. ಬಿಸಿಲಿಗೆ ಮೂಗು ಕೆಂಪಾದ ಜನ, ಬಾಳೆಹಣ್ಣಿನ ಮಗು ಸಮೇತ, ಮುದ್ರೆ ಒತ್ತಿಸಿಕೊಂಡು ಇಳಿಯುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಇದನ್ನು ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಹೆಂಡತಿ ಕೂಡ, 'ಹೋಗ್ಲಿ ಬಿಡಿ, ಅಮ್ಮ ಇದ್ದಾರಲ್ಲ' ಎಂದಳು. ವೀಸಾ ಅವಧಿ ಮುಗಿದವರು ಸದ್ಯಕ್ಕೆ ಇದ್ದಲ್ಲೇ ಇರಬಹುದು ಎಂದು ಸರ್ಕಾರವೂ ಹೇಳಿತು. ನಾನು ಹೊತ್ತುಕೊಂಡು ತಿರುಗಿದ ಮುದ್ರೆಯ ಚಿಂತೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮುಂದಿನ ವಾರಗಳಲ್ಲಿ ಮೂವರೂ ಒಂದೇ ಫ್ಲ್ಯಾಟಿನಲ್ಲಿ. ನಾನು ಮೀಟಿಂಗಿನಲ್ಲಿ ಮಾತಾಡುವಾಗ ಹಿಂದೆ ಮಿಕ್ಸಿ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ 'ತಪೌ' ಎಂದು ಪೊಟ್ಟಣ ಕಟ್ಟಿಸಿ ತಂದ ರೊಟ್ಟಿಯನ್ನು ಅತ್ತೆ ಒಲೆಯ ಮೇಲೆ ಮತ್ತೆ ಸುಟ್ಟು, ವೈರಸ್ ಸತ್ತಿತು ಎಂದು ಖಾತ್ರಿಯಾದ ಮೇಲೆ ಬಡಿಸುತ್ತಿದ್ದರು. ಅದು ತಟ್ಟೆಗೆ ಬರುವಷ್ಟರಲ್ಲಿ ಹಪ್ಪಳವಾಗಿರುತ್ತಿತ್ತು.

ನೋವು ಶುರುವಾದದ್ದು ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ದಾರಿಯಲ್ಲಿ ತಡೆದ ಪೊಲೀಸರು ಹೆಂಡತಿಯ ಮುಖ ನೋಡಿ ಕೈ ಬೀಸಿ ಬಿಟ್ಟರು. ಆಸ್ಪತ್ರೆಯ ಬಾಗಿಲಿನಲ್ಲಿ ಮಾಸ್ಕ್ ತೊಟ್ಟ ತಮಿಳು ಗಾರ್ಡ್ ಹಣೆಗೆ ಥರ್ಮಾಮೀಟರ್ ಹಿಡಿದು, 'ಒನ್ ಪರ್ಸನ್ ಓನ್ಲಿ ಲಾ, ಸಾರ್' ಎಂದ. ಹೆಂಡತಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಒಳಗೆ ಹೋದವರು ಹೊರಗೆ ಬರುವಂತಿಲ್ಲ, ಬದಲಾಗುವಂತಿಲ್ಲ.

ನಾನು ಆಗಲೇ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದೆ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು, 'ನೀವು ಹೋಗಿ. ಗಂಡ ನೀವು' ಎಂದರು.

ಹೆಂಡತಿ ಗಾಲಿಕುರ್ಚಿಯಿಂದ ನನ್ನ ಅಂಗಿಯ ತುದಿ ಹಿಡಿದಳು. 'ಅಮ್ಮ ಬರ್ಲಿ ರೀ' ಎಂದಳು. 'ನೀವು ಬೇಜಾರ್ ಮಾಡ್ಕೋಬೇಡಿ.'

ಬೇಜಾರಾಯಿತು. ಏಕೆ ಸುಳ್ಳು ಹೇಳಲಿ? ಯಾರನ್ನು ಒಳಗೆ ನಿಲ್ಲಿಸಬೇಕೆಂದು ನಾನು ಸಮುದ್ರದವರೆಗೂ ಹೋಗಿ ಒದ್ದಾಡಿದ್ದೆನೋ ಅವರೇ ಒಳಗೆ ಹೋದರು, ಬಾಗಿಲು ಮುಚ್ಚಿತು. ಅದು ನಾನೇ ಬೇಡಿದ್ದು. ಆದರೆ ಹೋದ ಸಲ ಅವಳ ಪಕ್ಕದಲ್ಲಿ ಇದ್ದವನು ನಾನು. ಈ ಸಲ ಬೇರೆ ಥರ ಆಗುವುದನ್ನು ನನ್ನ ಕಣ್ಣಿಂದ ನೋಡಬೇಕಿತ್ತು. ಆ ಆಸೆ ನನಗೆ ಇದೆ ಎಂಬುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾರ್ ಪಾರ್ಕಿನಲ್ಲಿ ನಿಂತು ಕಾರಿನ ಚಕ್ರಕ್ಕೆ ಒದ್ದೆ.

ಗಾರ್ಡ್ ದೂರದಿಂದಲೇ ಕೇಳಿದ, 'ಫಸ್ಟ್ ಬೇಬಿ ಆ, ಸಾರ್?'

'ಸೆಕೆಂಡ್' ಎಂದೆ. ಆ ಮೊದಲನೆಯದನ್ನು ನಾನು ಬಾಯಿಬಿಟ್ಟು ಎಣಿಸಿದ್ದು ಅದೇ ಮೊದಲು. ಅವನು ಒಳ್ಳೆಯದು ಎಂಬಂತೆ ತಲೆಯಾಡಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಯವರ ಫೋನ್ ಬಂತು. 'ಅತ್ತೆ? ಏನಾಯ್ತು? ಹೇಳಿ' ಎಂದೆ. ಆ ಕಡೆಯಿಂದ ಲೋಹದ ಪಾತ್ರೆಯ ಸದ್ದು, ಯಾರೋ ಮಲಯ್ ಭಾಷೆಯಲ್ಲಿ ನಗುವ ಸದ್ದು, ಆಮೇಲೆ ಗಂಟಲು ಹರಿದುಹೋಗುವ ಹಾಗೆ ಒಂದು ಅಳು. ಅವರು ಫೋನನ್ನು ಮಗುವಿನ ಬಾಯಿಯ ಹತ್ತಿರವೇ ಹಿಡಿದಿರಬೇಕು. ನಾನು 'ಅತ್ತೆ, ಅತ್ತೆ' ಎಂದು ಕೂಗುತ್ತಲೇ ಇದ್ದೆ. ಗಂಡೋ ಹೆಣ್ಣೋ ಒಂದೂ ಹೇಳದೆ ಫೋನ್ ಇಟ್ಟುಬಿಟ್ಟರು.

ಮತ್ತೆ ಮಾಡಿದರೆ ಎತ್ತಲಿಲ್ಲ. ಗಾರ್ಡ್ ಕುರ್ಚಿಯಿಂದ ಎದ್ದು ಬಂದ. 'ಬಾಯ್ ಆ, ಗರ್ಲ್ ಆ?'

'ಗೊತ್ತಿಲ್ಲ' ಎಂದೆ. 'ಅಳ್ತಾ ಇದೆ. ಜೋರಾಗಿ ಅಳ್ತಾ ಇದೆ.'

ಕನ್ನಡದಲ್ಲೇ ಹೇಳಿದ್ದೆ. ಅವನಿಗೆ ಅರ್ಥವಾಯಿತು.