ಹುಲ್ಲಗಟ್ಟಿಯ ಟವರಿಗೆ ಎಂಟು ತಾಸಿನ ಬ್ಯಾಟರಿ

ಬೆಳಗಿನ ಐದೂವರೆ. ಹೊಂಬಳದ ಹೊರಗೆ, ಜೋಳದ ಹೊಲದ ಅಂಚಿಗಿರುವ ಮೊಬೈಲ್ ಟವರಿನ ಬುಡದಲ್ಲಿ ಮೌನೇಶ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಬಾಗಿಲು ತೆರೆದ ತಗಡಿನ ಕಪಾಟು, ಅದರೊಳಗೆ ಇಪ್ಪತ್ನಾಲ್ಕು ಬ್ಯಾಟರಿ ಸೆಲ್ಲುಗಳು. ಮೀಟರಿನ ಕಡ್ಡಿ ಮುಟ್ಟಿಸುವ ಮೊದಲು ಅವರು ಅಂಗೈಯ ಹಿಂಬದಿಯನ್ನು ಒಂದೊಂದೇ ಸೆಲ್ಲಿಗೆ ತಾಗಿಸುತ್ತಾರೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ. ಹದಿನೇಳನೆಯದರ ಮೇಲೆ ಕೈ ನಿಲ್ಲುತ್ತದೆ.

“ಇದು ಬಿಸಿ ಆಗೇತ್ರಿ. ಹೊಟ್ಟಿನೂ ಉಬ್ಬೇತಿ,” ಎನ್ನುತ್ತಾರೆ. “ಇದೊಂದು ಸತ್ತರ ಉಳಿದ ಇಪ್ಪತ್ಮೂರನ್ನೂ ಸಂಗಾಟ ಕರಕೊಂಡು ಹೋಗತೈತಿ.”

ಕರೆಂಟು ಹೋದಾಗ ಟವರಿನ ಜೀವ ಹಿಡಿದಿಡುವುದು ಈ ಸೆಲ್ಲುಗಳೇ. ಮೊದಲು ಡೀಸೆಲ್ ಜನರೇಟರುಗಳಿದ್ದವು. ಬಹಳ ಕಡೆ ಕಂಪನಿಯವರು ಅವನ್ನು ಎತ್ತಿಕೊಂಡು ಹೋದರು, ಭಾರವೆಲ್ಲ ಬ್ಯಾಟರಿಯ ಹೆಗಲಿಗೆ ಬಿತ್ತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಮೂವತ್ತೆಂಟು ಟವರುಗಳು ಇವರೊಬ್ಬರ ಪಾಲಿಗಿವೆ. ದಿನಕ್ಕೆ ನೂರಾ ಹತ್ತು ಕಿಲೋಮೀಟರು ಬೈಕು, ಐದಾರು ಟವರು, ನೂರಿಪ್ಪತ್ತಕ್ಕೂ ಮಿಕ್ಕಿ ಸೆಲ್ಲುಗಳ ತಪಾಸಣೆ. ಫೋನು ಹತ್ತದಿದ್ದರೆ ನಾವು ಕಂಪನಿಯ ಏಳು ತಲೆಮಾರನ್ನು ಜಾಲಾಡುತ್ತೇವೆ. ಹತ್ತಿದ ದಿನ ಮೌನೇಶರನ್ನು ಯಾರು ನೆನೆಯುತ್ತಾರೆ ಹೇಳಿ?

ವಯಸ್ಸು ನಲವತ್ತನಾಲ್ಕು. ಬೆಟಗೇರಿಯ ನೇಕಾರ ಮನೆತನ. ತಂದೆ ಚನ್ನಬಸವಣ್ಣನವರ ಮಗ್ಗ ನಿಂತು ಇಪ್ಪತ್ತು ವರ್ಷವಾಯಿತು. ಮಗ ಐಟಿಐ ಓದಿ ಈ ಕೆಲಸ ಹಿಡಿದರು. ಹೆಂಡತಿ ಶಾಂಭವಿ ಬೆಳಗಿನ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದು ಕಟ್ಟಿಕೊಡುತ್ತಾರೆ. “ಕರೆಂಟ ಹೋದ್ರ ಊರ ಮಂದಿ ಬೀಸಣಿಕಿ ಹುಡುಕತಾರ, ಇವರು ಬೈಕಿನ ಕೀಲಿ ಹುಡುಕತಾರ,” ಎಂದು ಆಕೆ ಚಾಷ್ಟಿ ಮಾಡುತ್ತಾರೆ. ಎರಡು ವರ್ಷದಿಂದ ಮಾತ್ರ ಮೌನೇಶ ಆ ಮಾತಿಗೆ ನಗುವುದಿಲ್ಲ.

ಏಕೆ ನಗುವುದಿಲ್ಲ ಎಂದು ತಿಳಿಯಬೇಕಾದರೆ ಅವರ ಕೆಲಸದ ಇನ್ನೊಂದು ಭಾಗ ತಿಳಿಯಬೇಕು. ಹೊಸ ಟವರು ಎಲ್ಲಿಯೇ ಏಳಲಿ, ಅದಕ್ಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು ಸರ್ವೆ ಫಾರ್ಮು ತುಂಬಿ ಕಳಿಸುವವರು ಇವರು. ಟವರು ಎಷ್ಟು ಕರೆಂಟು ಉಣ್ಣುತ್ತದೆ, ಬಿಸಿಲು ಎಷ್ಟು, ಊರಲ್ಲಿ ದಿನಕ್ಕೆ ಎಷ್ಟು ತಾಸು ಕರೆಂಟು ಹೋಗುತ್ತದೆ, ಎಲ್ಲವನ್ನೂ ಬರೆಯಬೇಕು.

“ಹೇರು ಎಷ್ಟೈತಿ, ದಾರಿ ಎಷ್ಟು ದೂರ ಐತಿ ಅಂತ ನೋಡಿ ಎತ್ತು ಹೂಡತೀವಲ್ರಿ, ಇದೂ ಹಂಗ,” ಎನ್ನುತ್ತಾರೆ. “ದಾರಿ ಎರಡು ಹರದಾರಿ ಅಂತ ಹೇಳಿ ಹತ್ತು ಹರದಾರಿ ಹೊಡದ್ರ ಎತ್ತು ನಡುವ ಮಲಗತಾವ.”

ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಮಗ್ಗುಲಿಗೆ ಹುಲ್ಲಗಟ್ಟಿ ಎಂಬ ಸಣ್ಣ ಊರು. ಗುಡ್ಡದ ನೆತ್ತಿಯ ಮೇಲೆ ಕರೆಂಟು ಮಾಡುವ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತವೆ. ಕೆಳಗಿನ ಊರಿಗೆ ಮಾತ್ರ ದಿನಕ್ಕೆ ಎಂಟೆಂಟು ತಾಸು ಕರೆಂಟಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಐದು ವರ್ಷದ ಹಿಂದೆ ಮೌನೇಶ ಅಲ್ಲಿಗೆ ಸರ್ವೆಗೆ ಹೋದಾಗ ಊರವರು ಕನ್ಯೆ ನೋಡಲು ಬಂದ ಬೀಗರನ್ನು ಕೂರಿಸಿದಂತೆ ಕೂರಿಸಿದರು. ಜಮಖಾನೆ ಬಂತು, ಅವಲಕ್ಕಿ ಬಂತು, ಚಹಾ ಬಂತು. ಟವರಿಗೆ ತನ್ನ ಹೊಲದ ಮೂಲೆ ಕೊಡಲು ಒಪ್ಪಿದ್ದ ಗೋಪಣ್ಣ ಎಲ್ಲರಿಗಿಂತ ಮುಂದೆ ಕೂತಿದ್ದ.

“ಕರೆಂಟ ದಿನಕ್ಕ ಎಷ್ಟು ತಾಸು ಹೋಗತೈತ್ರಿ?” ಎಂದು ಮೌನೇಶ ಕೇಳಿದರು.

ಜಮಖಾನೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಗೋಪಣ್ಣನೇ ಬಾಯಿಬಿಟ್ಟ. “ಭಾಳ ಅಂದ್ರ ಎರಡು ತಾಸು ಹಿಡೀರಿ. ಅದೂ ಮಳಿಗಾಲದಾಗ.” ಉಳಿದವರು ಹೌದೌದೆಂದು ತಲೆಯಾಡಿಸಿದರು.

ಮನೆಯ ಹುಳುಕು ಹೇಳಿದರೆ ಬಂದ ವರ ತಿರುಗಿ ಹೋಗುತ್ತಾನೆ ಎಂಬುದು ಅವರ ಭಯ. ಕರೆಂಟಿಲ್ಲದ ಊರು ಅಂದರೆ ಟವರು ಪಕ್ಕದ ಊರಿನ ಪಾಲಾದೀತು. ಪಾಪ, ಅವರೇನು ಬಲ್ಲರು? ಕೇಳಿದ್ದು ಬ್ಯಾಟರಿಯ ಅಳತೆಗೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಮೌನೇಶ ‘ಎರಡು’ ಎಂದು ಬರೆದುಕೊಂಡರು. ವಿದ್ಯುತ್ ಸಬ್‌ಸ್ಟೇಷನ್ನಿಗೆ ಹೋಗಿ ಅಲ್ಲಿನ ದಾಖಲೆ ತೆಗೆಸಿ ನೋಡಬೇಕಿತ್ತು. ಸಂಜೆಯೊಳಗೆ ಇನ್ನೂ ಎರಡು ಊರು ಮುಗಿಸುವುದಿತ್ತು, ನೋಡಲಿಲ್ಲ. ಹುಲ್ಲಗಟ್ಟಿಗೆ ಸಣ್ಣ ಬ್ಯಾಟರಿ ಬಂತು.

“ಊರವರ ಮ್ಯಾಲ ಹಾಕಬ್ಯಾಡ್ರಿ,” ಎನ್ನುತ್ತಾರೆ ಮೌನೇಶ. “ಅವರು ಆಸೇಕ್ಕ ಹೇಳಿದ್ರು. ಖರೆ ಎಷ್ಟು ಅಂತ ನೋಡೂದು ನನ್ನ ಕೆಲಸ ಇತ್ತು. ಪಗಾರ ನನಗ ಕೊಡತಿದ್ರು, ಅವರಿಗಲ್ಲ.”

ಮೂರು ಬೇಸಿಗೆ ಬ್ಯಾಟರಿ ಹೇಗೋ ಹೆಣಗಿತು. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಒಂದು ದಿನ ಲೈನ್ ದುರಸ್ತಿಗೆಂದು ಬೆಳಗ್ಗೆ ಎಂಟಕ್ಕೇ ಕರೆಂಟು ತೆಗೆದರು. ಹತ್ತು ಗಂಟೆಗೆಲ್ಲ ಟವರು ಸತ್ತಿತು. ಮಧ್ಯಾಹ್ನ ಊಟಕ್ಕೆ ಕೂತ ಗೋಪಣ್ಣ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಹೆಂಡತಿ ಮಲ್ಲವ್ವ 108ಕ್ಕೆ ಒತ್ತಿದಳು, ಮತ್ತೆ ಒತ್ತಿದಳು. ಸಿಗ್ನಲ್ ಇಲ್ಲ. ಪಕ್ಕದ ಮನೆಯ ನಂದೀಶ ಸಿಗ್ನಲ್ ಹುಡುಕಿಕೊಂಡು ಆರು ಕಿಲೋಮೀಟರು ಬೈಕು ಓಡಿಸಿದ. ಆಂಬುಲೆನ್ಸ್ ಬಂತು, ಗೋಪಣ್ಣನನ್ನು ಹೊತ್ತು ಹೊರಟಿತು. ಮುಂಡರಗಿ ಮುಟ್ಟುವ ಮೊದಲೇ ಜೀವ ಹೋಯಿತು.

ಆ ಹೊತ್ತಿನಲ್ಲಿ ಮೌನೇಶ ಶಿರಹಟ್ಟಿಯ ಟವರಿನಲ್ಲಿದ್ದರು. ಹುಲ್ಲಗಟ್ಟಿಯ ಟವರು ಬಂದ್ ಆಗಿದೆ ಎಂದು ಫೋನಿಗೆ ಖಬರು ಬಂದಿತ್ತು. ಕೈಯಲ್ಲಿದ್ದುದನ್ನು ಮುಗಿಸಿ ಹೋದರಾಯಿತು ಎಂದುಕೊಂಡರು. ಸಾಯಂಕಾಲ ತಲುಪಿದಾಗ ಕಂಡದ್ದು ಗೋಪಣ್ಣನ ಮನೆಯ ಮುಂದೆ ನೆರೆದ ಮಂದಿ.

ಮುಂದೆ ಎರಡು ತಿಂಗಳು ಅವರು ಆ ಟವರಿಗೆ ಕಳ್ಳನಂತೆ ಹೋಗಿ ಕಳ್ಳನಂತೆ ಬಂದರು. ಒಂದು ದಿನ ಮಲ್ಲವ್ವನೇ ಬೇಲಿಯ ಹತ್ತಿರ ಬಂದು ನಿಂತಳು. “ಯಾಕ ತಮ್ಮಾ, ಚಹಾ ಕುಡಿಯಾಕೂ ಬರವಲ್ಲಿ?” ಮೌನೇಶರಿಗೆ ತಡೆಯಲಾಗಲಿಲ್ಲ. ತಾನು ಬರೆದ ಫಾರ್ಮು, ಬಂದ ಬ್ಯಾಟರಿ, ಎಲ್ಲವನ್ನೂ ಹೇಳಿಬಿಟ್ಟರು. ಆಕೆ ಬೈಯುತ್ತಾಳೆ, ಬೈಯಲಿ ಎಂದು ಕಾದರು.

“ಎರಡು ತಾಸು ಅಂತ ಹೇಳಿ ಟವರ್ ತಂದ್ನಿ ನೋಡು ಅಂತ ನಮ್ಮ ಮನಿಯವರು ನನ್ನ ಮುಂದ ಎಷ್ಟ ಸಲ ನಕ್ಕಿದ್ರು,” ಎಂದಳು ಮಲ್ಲವ್ವ. ಅಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಅವತ್ತಿನಿಂದ ಮೌನೇಶರಿಗೆ ಒಂದೇ ಹಟ. ಹುಲ್ಲಗಟ್ಟಿಗೆ ಎಂಟು ತಾಸು ನಡೆಯುವ ಬ್ಯಾಟರಿ ತರಿಸಬೇಕು, ಇನ್ನೊಂದು ಮನೆಗೆ ಇದು ಆಗಬಾರದು. ಮೂರು ಸಲ ಬರೆದರು, ಮೂರು ಸಲವೂ ಕಂಪನಿಯಿಂದ ಇಲ್ಲವೆಂಬ ಉತ್ತರ. ಟವರಿನಲ್ಲಿ ಕರೆಂಟು ಹೋದದ್ದನ್ನು ದಾಖಲಿಸುವ ಯಂತ್ರವೊಂದಿದೆ. ಬ್ಯಾಟರಿ ಬರಿದಾದರೆ ಅದರ ಕಣ್ಣೂ ಮುಚ್ಚುತ್ತದೆ. ಮುಚ್ಚಿದ ತಾಸುಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಯಂತ್ರದ ಪ್ರಕಾರವೂ ಹುಲ್ಲಗಟ್ಟಿಯಲ್ಲಿ ಕರೆಂಟು ಹೋಗುವುದು ಎರಡೇ ತಾಸು. ಗೋಪಣ್ಣ ಹೇಳಿದ ಸುಳ್ಳಿಗೆ ಯಂತ್ರವೇ ಸಾಕ್ಷಿ ನಿಂತಿತ್ತು, ಏನೆನ್ನಬೇಕು ಇದಕ್ಕೆ!

ಸಬ್‌ಸ್ಟೇಷನ್ನಿನವರು ಕಂಪನಿಯ ಪತ್ರವಿಲ್ಲದೆ ದಾಖಲೆ ಕೊಡುವುದಿಲ್ಲವೆಂದರು, ಸರ್ವೆ ಮುಗಿದ ಊರಿಗೆ ಕಂಪನಿ ಪತ್ರ ಕೊಡಲಿಲ್ಲ. ಕೊನೆಗೆ ಮೌನೇಶ ಮಲ್ಲವ್ವನನ್ನೇ ಕೇಳಿದರು, ಕರೆಂಟು ಹೋದಾಗೊಮ್ಮೆ ಗುರುತು ಹಾಕಿ ಇಡಬಲ್ಲಿರಾ ಎಂದು. ಆಕೆಗೆ ಓದು ಬರಹ ಬಾರದು. ಗಡಿಯಾರ ನೋಡಲು ಬರುತ್ತದೆ. ಪಡಸಾಲೆಯ ಗೋಡೆಯ ಮೇಲೆ ತಾಸಿಗೊಂದರಂತೆ ಇದ್ದಲಿನ ಗೆರೆ ಎಳೆಯತೊಡಗಿದಳು. ದಿನ ಮುಗಿದರೆ ಒಂದು ಬೊಟ್ಟು. ತವರಿಗೆ ಹೋಗಬೇಕಾದಾಗ ನೆರೆಯ ಅನ್ನಪೂರ್ಣವ್ವನಿಗೆ ಇದ್ದಲು ಕೊಟ್ಟು ಹೋದಳು. ಹನ್ನೊಂದು ತಿಂಗಳು ಒಂದು ದಿನವೂ ತಪ್ಪಲಿಲ್ಲ. ದೀಪಾವಳಿಗೆ ಮನೆ ಸುಣ್ಣ ಕಂಡಿತು, ಆ ಗೋಡೆಯೊಂದನ್ನು ಬಿಟ್ಟು.

ಮೌನೇಶ ಗೋಡೆಯ ಫೋಟೊ ಕಳಿಸಿದರು. ಕಂಪನಿಯ ಅಧಿಕಾರಿ ಸುನಿಲಕುಮಾರ ಮೊದಲು ನಕ್ಕರಂತೆ. ಆಮೇಲೆ ಅನುಮಾನ ಬಂದು ಸಬ್‌ಸ್ಟೇಷನ್ನಿನ ದಾಖಲೆ ತರಿಸಿ ಗೋಡೆಗೆ ಹೋಲಿಸಿದರು. ತಾಸಿಗೆ ತಾಸು ಕೂಡಿತು. ಒಂದು ದಿನ ಅವರೇ ಹುಲ್ಲಗಟ್ಟಿಗೆ ಬಂದು, ಬೂಟು ಕಳಚಿ ಪಡಸಾಲೆಗೆ ಹೋಗಿ, ಗೋಡೆಯ ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಮಂಜೂರಾತಿ ಬಂದದ್ದು ಮರುವಾರ.

ಈಗ ಹೊಸ ಬ್ಯಾಟರಿ ಬಂದಿದೆ. ಇಂದು ಅದರ ಪರೀಕ್ಷೆ. ಹೊಂಬಳ ಮುಗಿಸಿ ಬಂದ ಮೌನೇಶ ಬೆಳಗ್ಗೆ ಎಂಟಕ್ಕೆ ಟವರಿನ ಕರೆಂಟನ್ನು ತಾವೇ ತೆಗೆದಿದ್ದಾರೆ. ಬ್ಯಾಟರಿಯೊಂದೇ ಟವರನ್ನು ಎಷ್ಟು ಹೊತ್ತು ಹೊರುತ್ತದೆ ಎಂದು ಕಾದು ನೋಡಬೇಕು. ತಾಸಿಗೊಮ್ಮೆ ಮೀಟರು ಹಿಡಿಯುತ್ತಾರೆ, ಬರೆದುಕೊಳ್ಳುತ್ತಾರೆ. ಹತ್ತು ಗಂಟೆ ದಾಟಿದಾಗ ಎದ್ದು ನಿಂತವರು ಮತ್ತೆ ಕೂರಲಿಲ್ಲ. ಊಟದ ಹೊತ್ತಿಗೆ ಮಲ್ಲವ್ವ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ಒಂದು ರೊಟ್ಟಿ ಮುರಿದರು, ಮುಗಿಸಲಾಗಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಕೆ ಮತ್ತೆ ಬೇಲಿಯ ಹತ್ತಿರ ಬಂದಳು.

“ಎಷ್ಟು ತಾಸಾತು ತಮ್ಮಾ?”

“ಎಂಟು ದಾಟೇತ್ರಿ ಯವ್ವಾ. ಇನ್ನೂ ನಡದೈತಿ.”

ಮಲ್ಲವ್ವ ತನ್ನ ಫೋನು ತೆಗೆದು ನೋಡಿದಳು. ಸಿಗ್ನಲ್ಲಿನ ಗೆರೆಗಳು ತುಂಬಿಕೊಂಡಿದ್ದವು.

“ಚಲೋ ಆತು ಬಿಡು,” ಎಂದಳು. “ಅವತ್ತ ನನಗ ಎರಡ ನಿಮಿಷ ಸಿಕ್ಕಿದ್ರ ಸಾಕಿತ್ತು.”