ಈಜುಕೊಳಕ್ಕೆ ಅಜ್ಜಿಯ ಬೇಲಿ

ಗೆಳೆಯರೇ, ಎದೆ ಇನ್ನೂ ಡವಡವ ಅನ್ನುತ್ತಿದೆ! ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಕಾಕಾ ಕೊಂಡ ಮನೆಯ ಹಿತ್ತಲಲ್ಲಿ ಈಜುಕೊಳವಿದೆ, ಸುತ್ತ ಬೇಲಿಯಿಲ್ಲ. ಅವರ ಮಗಳು, ಇಂಗ್ಲಿಷ್ ತಾಯಿಯ ಕೂಸು ಅನುಗೆ ಮೂರು ವರ್ಷ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಹಾಸ್ಟೆಲ್‌ನಲ್ಲಿ ಬೆಳೆದ ನನಗೆ ಎಲ್ಲದಕ್ಕೂ ನಿಯಮ ಬೇಕು. ಬೆಳಿಗ್ಗೆಯೇ ಇಲ್ಲಿನ ನಗರಸಭೆಗೆ, ಅಂದರೆ ಕೌನ್ಸಿಲ್‌ಗೆ ಫೋನ್ ಮಾಡಿದೆ.

“ಮನೆಯ ಕೊಳಕ್ಕೆ ಬೇಲಿ ಹಾಕಲೇಬೇಕೆಂಬ ಕಾನೂನಿಲ್ಲ, ಡಿಯರ್,” ಎಂದಳು ಫೋನ್ ಎತ್ತಿದ ಹೆಂಗಸು. “ರಸ್ತೆ ಪಕ್ಕದ ಬೇಲಿ ಒಂದು ಮೀಟರ್ ದಾಟಿದರೆ ಅನುಮತಿ ಬೇಕು.”

ಫೋನ್ ಇಡುವಷ್ಟರಲ್ಲಿ ಅನು ಕೊಳದತ್ತ ಓಡುತ್ತಿದ್ದಳು! ಕಿರುಚಿಕೊಂಡು ಹಿಂದೆ ಓಡಿದೆ. ಅವಳು ತಾನಾಗಿಯೇ ಗಕ್ಕನೆ ನಿಂತಳು. ಧಾರವಾಡದಿಂದ ಬಂದಿರುವ ಅಜ್ಜಿ ಕೊಳದ ಮುಂದೆ ಉದ್ದಕ್ಕೂ ಹಗ್ಗ ಕಟ್ಟಿ ಒಂಬತ್ತು ಗಜದ ಮಡಿ ಸೀರೆ ಒಣಹಾಕಿದ್ದಳು.

“ಅಕ್ಕಾ, ಡೋಂಟ್ ಟಚ್! ಮಡಿ!” ಎಂದು ಅನು ನನ್ನನ್ನೇ ಗದರಿದಳು.

ಕಾಕಾ ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಕೂಡಲೇ ಬೇಲಿಯವನಿಗೆ ಫೋನ್ ಮಾಡಿದರು. ಮಧ್ಯಾಹ್ನ ನಾನು ಕೀಲಿ ಹಿಡಿದು ಈಜಲು ಹೊರಟರೆ ಅಜ್ಜಿ ಅಡ್ಡ ನಿಂತಳು. “ಸೀರಿ ಮುಟ್ಟಬ್ಯಾಡ ನಮ್ಮವ್ವಾ, ಮೊದ್ಲ ಸ್ನಾನಾ ಮಾಡ್ಕೊಂಡ ಬಾ.”

ಕೌನ್ಸಿಲ್ ಬಳಿ ಇಲ್ಲದ ಕಾನೂನು ಅಜ್ಜಿ ಬಳಿ ಇದೆ, ಅರ್ಧ ಇಂಗ್ಲಿಷ್ ಮೊಮ್ಮಗಳಿಗೂ ವಿನಾಯಿತಿಯಿಲ್ಲ. ನೀರಿಗಿಳಿಯಲು ಈಗ ನೀರು ಹಾಕಿಕೊಳ್ಳಲು ಹೊರಟಿದ್ದೇನೆ.