ಬಾಹುಬಲಿ ತೆಗೆದ ಧರಣಿಯ ಸಿನಿಮಾ

ನಮ್ಮ ಮೂಡಲಗಿಯ ಬಾಹುಬಲಿಗೆ ಮದುವೆಯ ವಿಡಿಯೊ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ೨೦೦೩ರ ಬೇಸಿಗೆಯಲ್ಲಿ, ಕಾಲುವೆಯ ಕೊನೆಯ ಊರುಗಳಿಗೂ ನೀರು ಬಿಡಿ ಎಂದು ರೈತರು ಗೋಕಾಕದ ಚೌಕದಲ್ಲಿ ಧರಣಿ ಕೂತರು. ಅವನ ತಾಯಿ ಜಿನ್ನವ್ವನೂ ಕೂತಳು. ಹದಿನೈದನೆಯ ದಿನಕ್ಕೆ ಐದುನೂರು ಮಂದಿಯಲ್ಲಿ ಉಳಿದವರು ಮೂವತ್ತು.

"ನಾಳೆ ಮಂದಿ ಬರಲಿಲ್ಲಂದ್ರ ಎದ್ದು ಹೋಗೂದ," ಎಂದರು ಮುಖಂಡ ಅಣ್ಣಾಸಾಹೇಬರು.

"ನೀವು ಏಳ್ರಿ. ನಾ ಏಳಾಂಗಿಲ್ಲ," ಎಂದಳು ಜಿನ್ನವ್ವ.

ಅವ್ವ ಅಲ್ಲಿ ಒಬ್ಬಳೇ ಉಳಿಯುತ್ತಾಳೆಂದು ಬಾಹುಬಲಿಗೆ ಚಿಂತೆ ಹತ್ತಿತು.

ಊರೂರಿಗೆ ತೋರಿಸಿ ಮಂದಿ ಕೂಡಿಸಲು ಸಾಕ್ಷ್ಯಚಿತ್ರ ಬೇಕೆಂದು ಅಣ್ಣಾಸಾಹೇಬರೇ ಅವನಿಗೆ ಹೇಳಿದ್ದರು. ಅವನೋ ಅದನ್ನೂ ಮದುವೆಯಂತೆ ತೆಗೆದಿದ್ದ. ಬೀಗರ ಒಂದು ಮುಖ ತಪ್ಪಿದರೂ ಜಗಳವೆಂದು ಕಲಿತವನು, ಭಾಷಣ ಬಿಟ್ಟು ಬರೀ ಮುಖ ಹಿಡಿದಿದ್ದ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜಿನ್ನವ್ವ, ಅವಳಿಗೆ ಜೊತೆಯಾಗಿ ರೊಟ್ಟಿ ಮುರಿಯುವ ಹೆಂಗಸರು, ನಿದ್ದೆಯಲ್ಲಿ ನಗುವ ಮುದುಕ ಅಲ್ಲಪ್ಪ. ಎಲ್ಲರ ಮೇಲೂ ನಿಧಾನವಾಗಿ ಉದುರುವ ಕಂಪ್ಯೂಟರ್ ಹೂವು, ಹಿಂದೆ ಶಹನಾಯಿ.

"ಗುಡ್ಡ ಅಗದು ಇಲಿ ಹಿಡದಂಗ ಆತಲ್ಲೋ," ಎಂದು ಅಣ್ಣಾಸಾಹೇಬರು ತಲೆ ಚಚ್ಚಿಕೊಂಡರು.

ಬೇರೆ ದಾರಿಯಿಲ್ಲದೆ ಅದನ್ನೇ ಅಂದು ಸಂಜೆ ತುಕ್ಕಾನಟ್ಟಿ ಎಂಬ ಊರಿನ ಶಾಲೆಯ ಕಟ್ಟೆಯ ಮೇಲೆ ಟಿವಿ ಇಟ್ಟು ತೋರಿಸಿದರು. ನಾನೂ ಇದ್ದೆ. ಮೊದಲು ನಕ್ಕೆ, ಸುಳ್ಳೇಕೆ. ಆಮೇಲೆ ಬಿಸಿಲಿನ ಚೌಕ ಆ ಹೂವಿನಲ್ಲಿ ತೇಲತೊಡಗಿತು. ದಿನಾ ಕಾಣುವ ಮುಖಗಳೇ ಎಷ್ಟು ಚೆಂದ ಎನಿಸಿತು. ಊರವರು ಟಿವಿಯ ಹತ್ತಿರ ಸರಿದು ಕೂತರು.

ಕೊನೆಗೆ ಆ ಊರಿನ ಹಿರಿಯಳು ಸತ್ತೆವ್ವ ಮುನಿಸಿನಿಂದ ಎದ್ದಳು. "ಎಲ್ಲಾರೂ ಅದಾರ. ನಮ್ಮ ಮನಿ ಮಂದಿ ಯಾಕ ಇಲ್ಲ?"

"ನೀವು ಬಂದೇ ಇಲ್ಲಲ್ರಿ ಕಾಕು," ಎಂದ ಬಾಹುಬಲಿ, ತಪ್ಪು ತನ್ನದೇ ಎಂಬಂತೆ. "ನಾಳೆ ಬರ್ರಿ, ತಗೀತೇನಿ."

ಮರುದಿನ ಬೆಳಿಗ್ಗೆ ಏಳು ಟ್ರ್ಯಾಕ್ಟರ್ ಬಂದವು. ಹೆಂಗಸರು ಇಳಕಲ್ ಸೀರೆ ಉಟ್ಟು, ಗಂಡಸರು ಹೊಸ ಪಟಕ ಸುತ್ತಿ ಚೌಕದ ತುಂಬ ಕೂತರು. ಜಿನ್ನವ್ವ ಸರಿದು ಜಾಗ ಕೊಟ್ಟಳು. ಆದರೆ ಬಾಹುಬಲಿಯ ಕ್ಯಾಸೆಟ್ಟುಗಳೆಲ್ಲ ಮುಗಿದಿದ್ದವು. ಹೇಳಿದರೆ ಎದ್ದು ಹೋದಾರೆಂದು ಹೆದರಿ, ಖಾಲಿ ಕ್ಯಾಮೆರಾವನ್ನೇ ಹೆಗಲಿಗೇರಿಸಿ, ಒಬ್ಬರನ್ನೂ ಬಿಡದೆ ಎಲ್ಲರ ಮುಂದೆ ನಿಂತ. ಸಂಜೆಯಾಗುವಷ್ಟರಲ್ಲಿ ಸುಳ್ಳು ಹೊರಲಾರದೆ ಸತ್ತೆವ್ವನ ಹತ್ತಿರ ನಿಜ ಹೇಳಿಬಿಟ್ಟ.



"ಹಂಗಾರ ನಾಳೆ ಹೊಸಾದು ತಗೊಂಡ ಬಾ," ಎಂದಳು ಸತ್ತೆವ್ವ. "ನಾವೇನ ಇಲ್ಲಿಂದ ಏಳೂದಿಲ್ಲ."